ಗೋಡೆಯ ಮೇಲೆ ಎಲ್ಲರಿಗೂ ಕಂಡದ್ದು

ಆ ಭಾನುವಾರ ಕಂಪ್ಯೂಟರ್ ಒಂದು ಸಲವಾದರೂ ಮಾತನಾಡಿತೇ ಇಲ್ಲವೇ ಎಂಬುದು ನನಗೆ ಖಚಿತವಿಲ್ಲ. ನನ್ನ ನೆನಪಿನಲ್ಲಿ ಅದು ‘ಕ’ ಎಂದು ಒಂದೇ ಒಂದು ಅಕ್ಷರ ಹೇಳಿ ಸುಮ್ಮನಾಯಿತು. ನನ್ನ ಗೆಳೆಯನ ಪ್ರಕಾರ ಅದು ಏನೂ ಹೇಳಲಿಲ್ಲ. ಹಿಂದಿನ ದಿನ ಅವನ ಮನೆಯಲ್ಲಿ ಕೇಳಿದ ‘ಕ’ವನ್ನು ನಾನು ಕಾರ್ಯಾಗಾರ ನಡೆದ ಹಲಸೂರಿನ ಮಹಡಿಗೆ ತಂದು ಸೇರಿಸಿಕೊಂಡಿದ್ದೇನಂತೆ. ಇರಬಹುದು. ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಇತಿಹಾಸ. ಒಬ್ಬನೇ ಸಾಕ್ಷಿ ಹೇಳಿದ್ದನ್ನು, ಅದರಲ್ಲೂ ಅದು ನಿಜವಾಗಿರಲಿ ಎಂಬ ಆಸೆ ಆ ಸಾಕ್ಷಿಗೇ ಇದ್ದರೆ, ನಂಬಬಾರದು ಎಂದು ಅಲ್ಲಿ ಕಲಿಸಿದ್ದರು. ಇಲ್ಲಿ ಆ ಸಾಕ್ಷಿ ನಾನೇ.

ಕಾರ್ಯಾಗಾರ ಮಾಡಬೇಕೆಂದು ಹೊರಟವರು ನಾವು ಐದಾರು ಜನ. ಉಳಿದವರೆಲ್ಲ ಮಹದೇವಪುರದ ಕಡೆ ಕೆಲಸ ಮಾಡುವ ಎಂಜಿನಿಯರುಗಳು. ನಾನೊಬ್ಬ ಮಾತ್ರ ಅನುವಾದದ ದಾರಿಯಿಂದ ಅಲ್ಲಿಗೆ ಸೇರಿಕೊಂಡವನು. ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಿ ಹಂಚಬಹುದಾದ ತಂತ್ರಾಂಶಗಳಿರುತ್ತವಲ್ಲ, ಅವುಗಳ ಮೆನುಗಳನ್ನು ಬಿಡುವಿನಲ್ಲಿ ಕನ್ನಡಕ್ಕೆ ತರುತ್ತಿದ್ದೆ. ‘ಉಳಿಸು’, ‘ಅಳಿಸು’, ‘ಹಿಂದೆ ಹೋಗು’. ಯಾರು ಅವನ್ನು ಒತ್ತುತ್ತಾರೆಂದು ಗೊತ್ತಿರಲಿಲ್ಲ. ಹೊಸ ತಿಪ್ಪಸಂದ್ರದ ಮಾರುಕಟ್ಟೆ ರಸ್ತೆಯ ಒಂದು ದರ್ಶಿನಿಯಲ್ಲಿ, ಕಾಫಿ ಲೋಟ ಹಿಡಿದು ನಿಂತುಕೊಂಡೇ ಸಭೆ ನಡೆಸುತ್ತಿದ್ದೆವು. ಪೋಸ್ಟರಿನಲ್ಲಿ ‘ಸ್ವತಂತ್ರ ತಂತ್ರಾಂಶ’ ಎಂದಿರಬೇಕೋ ‘ಮುಕ್ತ ತಂತ್ರಾಂಶ’ ಎಂದಿರಬೇಕೋ ಎಂಬ ವಾದದಲ್ಲಿ ಎಷ್ಟೋ ಭಾನುವಾರಗಳು ಕಳೆದವು. ಕೊನೆಗೆ ಎರಡನ್ನೂ ಹಾಕಿದೆವು. ಯಾರನ್ನು ಕರೆಯುತ್ತಿದ್ದೇವೆ ಎಂಬ ಚರ್ಚೆ ಆಯಿತೋ ಇಲ್ಲವೋ ನೆನಪಿಲ್ಲ.

ಹಲಸೂರಿನಲ್ಲಿ ಒಂದು ವಾಚನಾಲಯದ ಮಹಡಿ ಸಿಕ್ಕಿತು. ಮಧ್ಯಾಹ್ನ ಒಂದು ಗಂಟೆಗೆ ಬಿಟ್ಟುಕೊಡಬೇಕು, ಆಮೇಲೆ ಅಲ್ಲೊಂದು ಸೀಮಂತವಿದೆ ಎಂದು ಅದನ್ನು ನೋಡಿಕೊಳ್ಳುವವರು ಮೊದಲೇ ಹೇಳಿದ್ದರು. ಬಂದವರಲ್ಲಿ ಹೆಚ್ಚಿನವರು ಕೆ.ಆರ್. ಪುರದ ಕಡೆಯ ಕಾಲೇಜಿನ ಹುಡುಗರು. ಅವರಿಗೆ ಬೇಕಾಗಿದ್ದದ್ದು ಸರ್ಟಿಫಿಕೇಟ್. ನಾವು ಅದನ್ನು ಮಾಡಿಸಿಲ್ಲ ಎಂದು ತಿಳಿದ ಮೇಲೆ ಅರ್ಧ ಜನ ಟೀ ಕುಡಿದು ಬರುತ್ತೇವೆಂದು ಇಳಿದುಹೋದರು.

ಆಮೇಲೆ ಆಕೆ ಬಂದರು. ಶಿವಾಜಿನಗರದವರು, ನಲವತ್ತರ ಆಸುಪಾಸು, ಹುಟ್ಟಿನಿಂದ ಕಣ್ಣು ಕಾಣದವರು. ಅಣ್ಣನ ಹೆಂಡತಿಯ ಮೊಣಕೈ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅತ್ತಿಗೆಯ ಹೆಗಲಿನ ಚೀಲದಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ನಾನು ಬನ್ನಿ ಎಂದದ್ದಕ್ಕೆ ಆಕೆ ನನ್ನ ಕಡೆ ತಿರುಗಿ, “ಪೋಸ್ಟರ್ ಚೆನ್ನಾಗಿದೆ ಸಾರ್” ಎಂದರು. ನಾನು ಅವರತ್ತ ಒಂದು ಕುರ್ಚಿ ಎಳೆದೆ. “ನಾನು ನೋಡಿಲ್ಲ ಬಿಡಿ, ಭಾಭಿ ಹೇಳಿದ್ರು” ಎಂದು ನಕ್ಕರು. ಅತ್ತಿಗೆ ನಗಲಿಲ್ಲ.

ಆಕೆ ಹೇಳಿದ್ದು ಇಷ್ಟು. ಕಂಟೋನ್ಮೆಂಟ್ ಕಡೆಯ ಒಂದು ಖಾಸಗಿ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಮನೆಯಲ್ಲಿ ನೀರು ಸೋಸುವ ಯಂತ್ರ ಕೆಟ್ಟರೆ ಜನ ಅಲ್ಲಿಗೆ ಫೋನ್ ಮಾಡುತ್ತಾರೆ. ಆ ಕಡೆಯವರ ‘ಹಲೋ’ ಕೇಳಿಯೇ ಕನ್ನಡವೋ ತಮಿಳೋ ಇಂಗ್ಲಿಷೋ ಎಂದು ಗೊತ್ತುಮಾಡಿಕೊಂಡು ಆಕೆ ಮಾತು ಶುರುಮಾಡುತ್ತಿದ್ದರು; ಮನೆಯಲ್ಲಿ ಆಡುವ ದಖ್ಖನಿ ಉರ್ದುವೂ ಉಪಯೋಗಕ್ಕೆ ಬರುತ್ತಿತ್ತು. ಇನ್ನು ಮುಂದೆ ಕರೆಗಳಿಗೆ ಯಂತ್ರವೇ ಉತ್ತರ ಕೊಡುತ್ತದೆ, ಆಪರೇಟರ್ ಬೇಕಿಲ್ಲ ಎಂದು ಕಚೇರಿ ಹೇಳಿತ್ತು. ದೂರು ವಿಭಾಗದಲ್ಲಿ ಒಂದು ಜಾಗವಿತ್ತು. ಜನ ಹೇಳಿದ್ದನ್ನು ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಬರೆದುಕೊಂಡು ಅವರಿಗೇ ಮತ್ತೆ ಓದಿ ಹೇಳುವ ಕೆಲಸ. ಮಂಗಳವಾರ ಮ್ಯಾನೇಜರ್ ಎದುರು ಅದನ್ನು ಮಾಡಿ ತೋರಿಸಿದರೆ ನೌಕರಿ ಉಳಿಯುತ್ತದೆ. ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆಗೆ. ಟೈಪ್ ಮಾಡುವುದನ್ನು ಆಕೆ ಶಾಲೆಯಲ್ಲೇ ಕಲಿತಿದ್ದರು. ಬೇಕಾಗಿದ್ದದ್ದು, ಬರೆದದ್ದನ್ನು ಗಟ್ಟಿಯಾಗಿ ಓದುವ ತಂತ್ರಾಂಶ. ಬೆಲೆ ಕೊಟ್ಟು ಅದನ್ನು ಕೊಳ್ಳಲು ಕಚೇರಿ ಒಪ್ಪಿರಲಿಲ್ಲ. ನಮ್ಮ ಬಳಿ ಇದ್ದದ್ದು ಯಾರಿಗೂ ಬೆಲೆ ಕೊಡಬೇಕಿಲ್ಲದ, ಕನ್ನಡ ಓದುವ ತಂತ್ರಾಂಶ. ನಮ್ಮ ಕಾರ್ಯಾಗಾರಕ್ಕೆ ಒಂದು ಅರ್ಥವಿದೆ ಎಂದು ನನಗೆ ಅನ್ನಿಸಿದ್ದು ಆಗ ಮಾತ್ರ.

ಎಂಜಿನಿಯರುಗಳಲ್ಲೊಬ್ಬನಾದ ಗೆಳೆಯ ಹುಬ್ಬಳ್ಳಿಯವನು, ಹೊರಮಾವಿನಲ್ಲಿ ಮನೆ. ಅವನ ಲ್ಯಾಪ್‌ಟಾಪ್ ಹಿಂದಿನ ದಿನ ಕನ್ನಡ ಓದಿದ್ದನ್ನು ನಾನೇ ಕೇಳಿದ್ದೆ. ಮೂಗಿನಲ್ಲಿ ಮಾತನಾಡುವಂಥ ಒರಟು ದನಿ, ಆದರೆ ಅಕ್ಷರಗಳು ಸ್ಪಷ್ಟ. ಮೊದಲು ಅದರಲ್ಲಿ ಆಕೆಗೆ ಅಭ್ಯಾಸ ಮಾಡಿಸಿ, ಆಮೇಲೆ ಅವರ ಲ್ಯಾಪ್‌ಟಾಪಿಗೂ ಹಾಕಿಕೊಡುವುದೆಂದು ಮಾತಾಯಿತು. ಅಷ್ಟರಲ್ಲಿ ಯಾರೋ, ನಾನೇ ಇರಬಹುದು, ಇದನ್ನು ಎಲ್ಲರೂ ನೋಡಲಿ, ಪ್ರೊಜೆಕ್ಟರಿಗೆ ಹಾಕೋಣ ಎಂದರು. ಗೆಳೆಯ ಕೇಬಲ್ ಸಿಕ್ಕಿಸಿದ. ಗೋಡೆಯ ಮೇಲೆ ಪರದೆ ದೊಡ್ಡದಾಗಿ ಬಂತು. ಆಕೆ ಕೀಲಿಮಣೆಯ ಮೇಲೆ ಬೆರಳಾಡಿಸಿ ಗುರುತು ಹಿಡಿದು ಏನೋ ಒತ್ತಿದರು. ಗೋಡೆಯ ಮೇಲೆ ‘ಕರೆ’ ಎಂದು ಮೂಡಿತು. ಎಲ್ಲರೂ ಗೋಡೆ ನೋಡಿದೆವು. ಆಕೆ ತಲೆ ಸ್ವಲ್ಪ ವಾಲಿಸಿ ಕಾದರು. ನಾನು ‘ಕ’ ಕೇಳಿದ್ದು ಆಗ, ಕೇಳಿದ್ದೇ ಆದರೆ.

“ಏನೂ ಬರ್ತಿಲ್ಲ ಸಾರ್.”

“ತಡೀರಿ ಮೇಡಂ, ಎರಡ ನಿಮಿಷ. ಸೌಂಡಿನ ಡ್ರೈವರ್ ಪ್ರಾಬ್ಲಮ್ ಐತಿ” ಎಂದ ಗೆಳೆಯ. ಸ್ಪೀಕರ್ ಸಿಕ್ಕಿಸಿದ, ಇಯರ್‌ಫೋನ್ ಸಿಕ್ಕಿಸಿದ. ಬರಲಿಲ್ಲ. ಕಪ್ಪು ಪರದೆಯೊಂದನ್ನು ತೆರೆದು ಆಜ್ಞೆಗಳನ್ನು ಬರೆಯತೊಡಗಿದ. ಉಳಿದ ಎಂಜಿನಿಯರುಗಳು ಸುತ್ತ ನಿಂತು ತಲೆಗೊಂದು ಸಲಹೆ ಕೊಟ್ಟರು. ಮಗಾ, ನಿಂದು ಹಳೇ ವರ್ಷನ್ನು, ಅದಕ್ಕೇ ಹೀಗೆ ಎಂದು ಒಬ್ಬ ಅಂದ. ನಿನ್ನ ಹೊಸದರಾಗ ಕನ್ನಡನ ಇಲ್ಲಲೇ ಎಂದು ಗೆಳೆಯ ಅಂದ. ಅಲ್ಲಿಂದ ಯಾವುದು ಮೇಲು ಎಂಬ ಹಳೆಯ ಜಗಳ ಶುರುವಾಯಿತು. ಟೀ ಕುಡಿದು ವಾಪಸ್ ಬಂದ ಹುಡುಗರು ಗೋಡೆಯ ಮೇಲೆ ಓಡುತ್ತಿದ್ದ ಬಿಳಿ ಸಾಲುಗಳನ್ನು ಕಂಡು ಫೋನ್ ಎತ್ತಿ ಚಿತ್ರ ತೆಗೆದುಕೊಂಡರು. ಅವರ ಮಟ್ಟಿಗೆ ಕಾರ್ಯಾಗಾರ ಆಗ ಕಳೆಗಟ್ಟಿತ್ತು.

ನಾನು ಆಕೆಯ ಪಕ್ಕ ಕೂತು ಗೋಡೆಯನ್ನು ಓದಿ ಹೇಳತೊಡಗಿದೆ. ಏನೋ ತೆಗೆದು ಮತ್ತೆ ಹಾಕುತ್ತಿದ್ದಾರೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಈಗೇನು ಎಂದು ಕೇಳಿದರು. ಈಗಲೂ ಅದೇ ಎಂದೆ.

“ನೀವೇ ಓದ್ತಾ ಇರಿ ಸಾರ್. ಮಂಗಳವಾರ ನಿಮ್ಮನ್ನೇ ಕರ್ಕೊಂಡು ಹೋಗ್ತೀನಿ. ನೀವೂ ಫ್ರೀ ತಾನೇ?”

ನಕ್ಕೆ. ಅದು ಬಿಟ್ಟು ಮಾಡಲು ನನಗೆ ಬೇರೇನೂ ಇರಲಿಲ್ಲ. ‘ಧ್ವನಿ’ ಎಂಬ ಮೆನುವನ್ನು ಕನ್ನಡಕ್ಕೆ ತಂದವನು ನಾನೇ ಇರಬಹುದು. ಅದರ ಒಳಗೆ ಏನಿದೆ, ಯಾವುದನ್ನು ಒತ್ತಿದರೆ ಏನಾಗುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ತಿಳಿದವರು ಜಗಳದಲ್ಲಿದ್ದರು.

ಸೀಮಂತದವರು ಹೂವಿನ ಬುಟ್ಟಿ, ಬಳೆಯ ತಟ್ಟೆ, ಊದಿದ ಬಲೂನುಗಳ ಗೊಂಚಲು ಹೊತ್ತು ಬಾಗಿಲಲ್ಲಿ ನಿಂತರು. ಮಹಡಿ ನೋಡಿಕೊಳ್ಳುವವರು ಕುರ್ಚಿಗಳನ್ನು ಎಳೆಯತೊಡಗಿದರು. ಗೆಳೆಯ ಸೋತ ಮುಖದಲ್ಲಿ ಲ್ಯಾಪ್‌ಟಾಪ್ ಆಫ್ ಮಾಡಿ ಮುಚ್ಚಿ, ಆಮೇಲೆ ಕೇಬಲ್ ಕಿತ್ತ. ಆಕೆಯ ಲ್ಯಾಪ್‌ಟಾಪ್ ಚೀಲದಿಂದ ಹೊರಗೇ ಬರಲಿಲ್ಲ.

ಸಂಜೆ ನಿಮ್ಮ ಮನೆಗೇ ಬಂದು ಹಾಕಿಕೊಡುತ್ತೇವೆ ಎಂದೆ. ಮನೆಯಲ್ಲಿ ಗಂಡಸರಿಲ್ಲ, ಅವರಣ್ಣ ಊರಿಗೆ ಹೋಗಿದ್ದಾರೆ, ಬೇಡ ಎಂದು ಅತ್ತಿಗೆ ಹೇಳಿದರು. ಅದರಲ್ಲಿ ಒರಟುತನವಿರಲಿಲ್ಲ, ಪರಿಸ್ಥಿತಿ ಹಾಗಿತ್ತು ಅಷ್ಟೇ. ಸೋಮವಾರ ಕಚೇರಿಯ ಹತ್ತಿರ ಬರಲೇ ಎಂದು ಕೇಳಿದೆ. ಫೋನ್ ಬೋರ್ಡ್ ಬಿಟ್ಟು ಏಳಲಾಗುವುದಿಲ್ಲ, ನೋಡೋಣ, ನಂಬರ್ ಹೇಳಿ, ನಾನೇ ಮಾಡುತ್ತೇನೆ ಎಂದು ಆಕೆ ಹೇಳಿದರು. ನನ್ನ ನಂಬರನ್ನು ಒಂದು ಸಲ ಕೇಳಿ ಒಪ್ಪಿಸಿದರು. ಮೆಟ್ಟಿಲಿನ ಬಳಿ ನಿಂತು ಹೇಳಿದ ಮಾತು ಮಾತ್ರ ನನಗೆ ಸರಿಯಾಗಿ ನೆನಪಿದೆ ಎಂದುಕೊಂಡಿದ್ದೇನೆ.

“ಬೇಜಾರ್ ಮಾಡ್ಕೋಬೇಡಿ ಸಾರ್. ನಿಮ್ ವಾಯ್ಸ್ ಕೇಳಿದ್ರೆ ಕೆಲಸ ಹೋಗ್ತಿರೋದು ನಿಮ್ದು ಅನ್ಸುತ್ತೆ.”

ಸೋಮವಾರ ಫೋನ್ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಹೆಸರು ನೋಂದಾಯಿಸುವಾಗ ಅವರು ಕೊಟ್ಟಿದ್ದದ್ದು ಅಣ್ಣನ ನಂಬರ್. ಅದಕ್ಕೆ ಮಾಡಿದೆ. ಆತ ರೈಲಿನಲ್ಲಿದ್ದರು; ಆಮೇಲೆ ಮಾಡುತ್ತೇನೆ ಎಂದರು. ಇನ್ನೊಮ್ಮೆಯೂ ಹಾಗೇ ಎಂದರು. ಆಮೇಲೆ ಎತ್ತಲಿಲ್ಲ. ಅಪರಿಚಿತ ಗಂಡಸೊಬ್ಬ ಮನೆಯ ಹೆಂಗಸನ್ನು ಕೇಳಿಕೊಂಡು ಮತ್ತೆ ಮತ್ತೆ ಫೋನ್ ಮಾಡಿದರೆ ನಾನಾದರೂ ಎತ್ತುತ್ತಿದ್ದೆನೇ?

ಸ್ವಲ್ಪ ದಿನಗಳ ಮೇಲೆ ಗೆಳೆಯ ಫೋನ್ ಮಾಡಿದ. ಮನೆಯಲ್ಲಿ ಸಿನಿಮಾ ನೋಡಲೆಂದು ಅದೇ ಲ್ಯಾಪ್‌ಟಾಪನ್ನು ಟಿ.ವಿ.ಗೆ ಸಿಕ್ಕಿಸಿದ್ದನಂತೆ. ಲ್ಯಾಪ್‌ಟಾಪ್ ಮೂಕವಾಗಿ ಸದ್ದೆಲ್ಲ ಟಿ.ವಿ.ಯಿಂದ ಬಂತು. ಚಿತ್ರದ ಜೊತೆ ದನಿಯೂ ಆ ಕೇಬಲ್ಲಿನಲ್ಲೇ ಹೋಗಿಬಿಡುತ್ತದೆ. ಆ ಪ್ರೊಜೆಕ್ಟರಿಗೆ ಸ್ಪೀಕರೇ ಇಲ್ಲದಿದ್ದರೆ?

“ಅದು ಅವತ್ತ ಮಾತಾಡಾಕತ್ತಿತ್ತೋ ಏನೋ. ನಮಗ ಕೇಳಿಲ್ಲ ಅಷ್ಟ” ಎಂದ.

ಒಪ್ಪುವಂಥ ವಿವರಣೆ. ಆದರೆ ಒಪ್ಪುವಂಥದ್ದೆಲ್ಲ ನಡೆದದ್ದಲ್ಲ. ನೋಡಿಬರೋಣವೆಂದು ಹಲಸೂರಿಗೆ ಹೋದೆ. ಪ್ರೊಜೆಕ್ಟರ್ ಬಾಡಿಗೆಯದಾಗಿತ್ತು, ವಾಪಸ್ ಹೋಗಿತ್ತು. ಎಲ್ಲಿಂದ ತಂದದ್ದೆಂದು ಮಹಡಿ ನೋಡಿಕೊಳ್ಳುವವರಿಗೆ ನೆನಪಿರಲಿಲ್ಲ. ಹಾಗಾಗಿ ಕಣ್ಣು ಕಾಣದವರ ಮುಂದಿದ್ದ ಯಂತ್ರವನ್ನು ಕಣ್ಣಿದ್ದವರಿಗಾಗಿ ಗೋಡೆಗೆ ತಿರುಗಿಸಿದ್ದರಿಂದಲೇ ಅದು ಮೂಕವಾಯಿತೇ ಎಂಬುದು ಇವತ್ತಿಗೂ ಊಹೆಯೇ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಆಕೆ ಕೆಲಸ ಮಾಡುತ್ತಿದ್ದ ಕಚೇರಿಯ ನಂಬರ್ ಹುಡುಕಿ ಫೋನ್ ಮಾಡಿದೆ. ಮೊದಲ ರಿಂಗಿಗೇ ಉತ್ತರ ಬಂತು. ನಮಸ್ಕಾರ, ಕನ್ನಡಕ್ಕಾಗಿ ಒಂದನ್ನು ಒತ್ತಿ ಎಂದಿತು. ಆಮೇಲೆ ಅದನ್ನೇ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ. ಆಕೆಯದೇ ದನಿ ಎಂದು ನನಗನ್ನಿಸಿತು. ಕಟ್ ಮಾಡಿದೆ. ಗೆಳೆಯನಿಗೆ ಏನೂ ಹೇಳದೆ ಅದೇ ನಂಬರಿಗೆ ಮಾಡಿ ಕೇಳಿಸಿದೆ. ಇದು ಆ ಮೇಡಂ ದನಿ ಅಲ್ಲೇನು ಎಂದ. ಅವನೂ ಆ ದನಿ ಕೇಳಿದ್ದು ಒಂದೇ ಬೆಳಗ್ಗೆ, ಅದೂ ಜಗಳದ ನಡುವೆ. ಸಾಲದು ಎನಿಸಿ ಮತ್ತೆ ಮಾಡಿ, ದೂರು ವಿಭಾಗದ ಅಂಕಿ ಒತ್ತಿದೆ. ಒಬ್ಬ ಯುವತಿ ಎತ್ತಿಕೊಂಡರು. ಆಪರೇಟರ್ ಆಗಿದ್ದವರು ಈಗ ನಿಮ್ಮಲ್ಲಿದ್ದಾರೆಯೇ ಎಂದು ಕೇಳಿದೆ. ಇಲ್ಲ, ಅವರು ಬಿಟ್ಟು ಹೋಗಿ ಎಷ್ಟೋ ತಿಂಗಳಾಯಿತು ಎಂದರು. ಮೊದಲು ಉತ್ತರ ಕೊಡುವ ಆ ದನಿ ಯಾರದು ಎಂದು ಕೇಳಿದೆ.

“ಅವ್ರದ್ದೇ ಸಾರ್. ಹೋಗೋ ಮುಂಚೆ ಆಫೀಸಿನವ್ರು ರೆಕಾರ್ಡ್ ಮಾಡಿಸ್ಕೊಂಡ್ರು.”