ಒಪ್ಪತ್ತಿನ ದಿನದ ಕಾಫಿ

ಇದು ೧೯೫೮ರಲ್ಲೋ ಅದರ ಹಿಂದಿನ ವರ್ಷವೋ ನಡೆದದ್ದು. ಎಲ್ಲವೂ ನಾನು ಬರೆದ ಹಾಗೆಯೇ ನಡೆಯಿತೆಂದು ಆಣೆ ಮಾಡಿ ಹೇಳಲಾರೆ. ಮನೆಯಲ್ಲಿ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದಾರೆ. ಕಂಡದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರ್ಪಡಿಸುವುದು ಈಗ ಕಷ್ಟ.

ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಶಿಕಾರಿಪುರಕ್ಕೆ ಬಂದಿದ್ದೆ. ಸೋದರಮಾವನ ಮಗಳು ಗಿರಿಜೆಯ ಮದುವೆ ಹತ್ತಿರವಾಗಿತ್ತು. ಸೊರಬದ ನೆಂಟರನ್ನು ಕರೆಯಲು ಮಾವನ ಜೊತೆ ನಾನೂ ಹೊರಟೆ. ಅಂದು ಸೋಮವಾರ, ಮಾವನಿಗೆ ಒಪ್ಪತ್ತು. ರಾತ್ರಿ ಒಂದೇ ಊಟ. ಕಾಫಿಗೆ ಮಾತ್ರ ಅಡ್ಡಿಯಿಲ್ಲ.

ಒಂದು ಮನೆಯಲ್ಲಿ ಕಾಫಿ ಕುಡಿದು ಇನ್ನೊಂದರಲ್ಲಿ ಬಿಟ್ಟರೆ ಬಿಟ್ಟ ಮನೆಯವರು ಮದುವೆಗೇ ಬರುವುದಿಲ್ಲ. ಅವಲಕ್ಕಿ ಬೇಡವೆಂದ ಮಾವ ಎಲ್ಲ ಕಡೆ ಕಾಫಿ ಕುಡಿದರು. ಕೊನೆಯ ಮನೆಯಲ್ಲಿ ಕೈ ಅಡ್ಡ ಹಿಡಿದರು. ಆ ಮನೆಯ ಅಜ್ಜಿ ಬಿಡಲಿಲ್ಲ. "ದೊಡ್ಡ ಮನೆಯೋರದ್ದು ಇಳೀತದೆ, ನಮ್ಮನೇದು ಗಂಟಲಲ್ಲಿ ಸಿಕ್ಕೊಳ್ತದಾ?" ಎಂದಳು. ಮಾವ ನಕ್ಕು ಅದನ್ನೂ ಕುಡಿದರು.

ಹಿಂದಿರುಗುವಾಗ, ಬಸ್ಸು ಶಿರಾಳಕೊಪ್ಪ ದಾಟಿದ ಮೇಲೆ, ಮಾವ ನನ್ನ ಮಣಿಕಟ್ಟು ಹಿಡಿದರು. ಅವರ ಅಂಗೈ ಒದ್ದೆಯಾಗಿತ್ತು.

"ಎದಿ ಹಾರಾಕತ್ತೈತಿ ತಮ್ಮಾ. ನನಗೇನಾರ ಆದ್ರ, ಗಿರಿಜಿ ಮದುವಿ ನಿಲ್ಲಬಾರದು."

ನಾಡಿ ಹಿಡಿದೆ. ಓಡುತ್ತಿತ್ತು; ನಡುನಡುವೆ ತಪ್ಪುತ್ತಿತ್ತು. ಕಾಲೇಜಿನಲ್ಲಿ ಓದಿದ್ದು ಒಂದೂ ನೆರವಿಗೆ ಬರಲಿಲ್ಲ.

ಮುಂದಿನ ಸೀಟಿನವರು ತಿರುಗಿ, "ಇಳಿದ ಕೂಡ್ಲೆ ಒಂದು ಲೋಟ ಬಿಸಿ ಕಾಫಿ ಕುಡಿಸ್ರೀ, ಸರಿ ಹೋಗ್ತದೆ" ಎಂದರು.

"ಬ್ಯಾಡ್ರೀ! ನಮ್ಮ ಕಾಕಾ ಕಾಫಿ ಕುಡುದು ಕುಡುದೇ ಎದಿ ಒಡಕೊಂಡು ಸತ್ತ" ಎಂದಿತು ಹಿಂದಿನಿಂದ ಒಂದು ದನಿ.

ಮಾವ ಕಣ್ಣು ಮುಚ್ಚಿಕೊಂಡರು. ಬಸ್ಸು ಎಲ್ಲೂ ನಿಲ್ಲದೆ ಶಿಕಾರಿಪುರ ಸೇರಿತೆಂದು ನನ್ನ ನೆನಪು.

ಇಳಿದವರೇ ಆಸ್ಪತ್ರೆಗೆ ಹೋದೆವು. ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಆಲಿಸಿದರು.

"ಬೆಳಿಗ್ಗಿಂದ ಏನು ತಿಂದ್ರಿ?"

"ಏನೂ ಇಲ್ರೀ, ಒಪ್ಪತ್ತು."

"ಕುಡಿದಿದ್ದು?"

ಮಾವ ನನ್ನ ಮುಖ ನೋಡಿದರು. ಕಾಫಿ ಕೊಟ್ಟ ಮನೆಗಳ ಹೆಸರನ್ನು ನಾನು ಒಂದೊಂದಾಗಿ ಹೇಳುತ್ತಾ ಹೋದೆ. ಡಾಕ್ಟರು ಸಾಕೆಂದು ಕೈಯೆತ್ತಿದರು. "ಖಾಲಿ ಹೊಟ್ಟೇಲಿ ಅಷ್ಟು ಕಾಫಿ ಸುರಿದ್ರೆ ಎದೆ ಕುಣೀದೆ ಏನ್ಮಾಡ್ತದ್ರೀ? ಇಲ್ಲೇ ಮಲಗಿ, ನೋಡೋಣ. ಇನ್ನು ಮೇಲೆ ದಿನಕ್ಕೆ ಒಂದೆರಡು ಲೋಟ ಸಾಕು. ಅಷ್ಟಕ್ಕೆ ಏನೂ ಆಗಲ್ಲ."

ನಾನು ನಾಡಿ ಬಿಡದೆ ಕೂತೆ. ದೀಪ ಹಚ್ಚುವ ಹೊತ್ತಿಗೆ ಅದು ತಾಳಕ್ಕೆ ಬಂತು. ಗಿರಿಜೆಯ ಧಾರೆಯನ್ನು ಮಾವನೇ ಎರೆದರು.

ಎಷ್ಟು ಲೋಟ ಕುಡಿದಿದ್ದರೋ, ಅಜ್ಜಿ ಹಾಗೆಯೇ ಅಂದಿದ್ದಳೋ, ನನಗೆ ಅನುಮಾನ. ತಪ್ಪುತ್ತಿದ್ದ ಆ ನಾಡಿ ಮಾತ್ರ ಇನ್ನೂ ಬೆರಳ ತುದಿಯಲ್ಲಿದೆ. ಅಂದಿನಿಂದ ಮಾವ ಕಾಫಿಯನ್ನೇ ಬಿಟ್ಟರೆಂದು ಎಲ್ಲರಿಗೂ ಹೇಳುತ್ತಿದ್ದೆ. ಈಚೆಗೆ ಗಿರಿಜೆಯನ್ನೇ ಕೇಳಿದೆ.

"ಯಾರ್ ಹೇಳಿದ್ರೋ ನಿನಗ? ಅಪ್ಪ ಬಿಟ್ಟಿದ್ದು ಒಪ್ಪತ್ತು! ಕಾಫಿ ಬೆಳಿಗ್ಗಿ ಒಂದು ಲೋಟ, ಸಂಜಿ ಒಂದು ಲೋಟ, ಎಂಬತ್ತು ದಾಟೋ ತನಕ ಕುಡಿದ."

ಅವಳ ತಮ್ಮನನ್ನೂ ಬೇರೆಯಾಗಿ ಕೇಳಿದೆ. ಅವನೂ ಅದನ್ನೇ ಹೇಳಿದ.