ಅಮ್ಮನಿಗೆ ಬಾರದ ತೆಲುಗು

ಕೋಲಾರದ ಕಡೆಯವರಿಗೆ ತೆಲುಗನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬಿದ್ದೇ ಬಂದುಬಿಡುತ್ತದೆ. ಹುತ್ತೂರಿನ ನಮ್ಮ ಮನೆಯಲ್ಲಿ ಅದು ಬಾರದವಳು ಅಮ್ಮ ಒಬ್ಬಳೇ ಎಂದು ನಂಬಿದ್ದೆ. ಬಳೆಗಾರ್ತಿ ತೆಲುಗಿನಲ್ಲಿ ಮಾತಾಡಿಸಿದರೆ, “ನಂಗೆ ತೆಲುಗು ಬರಲ್ಲ ಕಣೇ, ಏನಂತಾಳೆ ಕೇಳು,” ಎಂದು ನನ್ನನ್ನು ಮುಂದೆ ತಳ್ಳುತ್ತಿದ್ದಳು. ನಾನೋ, ಬಲು ಜಂಬದಿಂದ ಒಂದೊಂದು ಮಾತನ್ನೂ ಕನ್ನಡ ಮಾಡಿ ಹೇಳುತ್ತಿದ್ದೆ. ತಾಯಲೂರಿನ ಅವಳ ತವರುಮನೆ ನಾನು ಹುಟ್ಟುವ ಮೊದಲೇ ಬರಿದಾಗಿತ್ತು. ಅಲ್ಲಿ ಯಾವ ಭಾಷೆ ಆಡುತ್ತಿದ್ದರೆಂದು ನಾನು ಕೇಳಿದ್ದೇ ಇಲ್ಲ.

ನಾನು ಮದುವೆಯಾಗಿ ಮಾಲೂರು ಸೇರಿದ್ದೆ. ಹೋದ ವರ್ಷ ಕೋಲಾರದ ಆಸ್ಪತ್ರೆಯಲ್ಲಿ ಅಮ್ಮನಿಗೆ ಸೊಂಟದ ಆಪರೇಷನ್ ಆಯಿತು. ಅರಿವಳಿಕೆ ಇಳಿಯುತ್ತಿದ್ದ ಹೊತ್ತಿನಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದು, ನನ್ನನ್ನೇ ತನ್ನ ತಾಯಿಯೆಂದುಕೊಂಡು ಅತ್ತಳು.

“ಅಮ್ಮಾ, ನೇನು ಆ ಇಂಟಿಕಿ ಪೋನು. ನನ್ನು ಪಂಪೊದ್ದು.”

ಆ ಮನೆಗೆ ಹೋಗಲ್ಲ, ನನ್ನನ್ನು ಕಳಿಸಬೇಡ. ತಡವರಿಸಲಿಲ್ಲ; ನನ್ನದಕ್ಕಿಂತ ಅಚ್ಚುಕಟ್ಟಾದ ತೆಲುಗು! ಆ ಮನೆ ಎಂದರೆ ನಮ್ಮ ಮನೆ, ನಾನು ಹುಟ್ಟಿ ಬೆಳೆದ ಮನೆ.

ಅಪ್ಪ ಕಿಟಕಿಯ ಕಡೆ ತಿರುಗಿ ನಿಂತಿದ್ದ. “ಏನಪ್ಪಾ ಇದು?” ಎಂದೆ.

“ಮದ್ವೆಯಾದ ಹೊಸ್ದ್ರಲ್ಲಿ ಹಿಂಗೇ ಅಳೋಳು. ಈ ಮನೇಲಿ ತೆಲುಗು ಮಾತು ಬ್ಯಾಡ ಅಂದ್ಳು ನಮ್ಮಮ್ಮ. ಆಮೇಲೆ ಅಳೋದೂ ನಿಲ್ಲಿಸಿದ್ಳು.”

“ನೀನೇನ್ ಮಾಡ್ದೆ?”

“ಹೊಂದ್ಕೊಂಡ್ಳಲ್ಲ ಅಂದ್ಕೊಂಡೆ.”

ಬಂದ ಸಿಟ್ಟಿಗೆ ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಆದರೆ ಅಮ್ಮ ಕೈ ಬಿಟ್ಟಿರಲಿಲ್ಲ. ನಾನು ಕಂಡೇ ಇರದ ಅವಳ ತಾಯಿಯ ಜಾಗದಲ್ಲಿ ನಿಂತು, “ಪಂಪನು ಲೇಮ್ಮಾ,” ಎಂದೆ. ಕಳಿಸಲ್ಲ ಬಿಡು. ಅವಳಿಗೆ ನಿದ್ದೆ ಹತ್ತಿತು.

ಮನೆಗೆ ಹೊರಡುವ ದಿನ ಅಮ್ಮ ಎಂದಿನಂತೆ ಕನ್ನಡದಲ್ಲೇ ನರ್ಸಮ್ಮನನ್ನು ರೇಗಿಸುತ್ತಿದ್ದಳು. ಅಪ್ಪ ಆಟೋ ತರಲು ಹೋದ. ಕಳಿಸಲ್ಲ ಎಂದು ಕೊಟ್ಟ ಮಾತನ್ನು ನಾನು ಮರೆತಿರಲಿಲ್ಲ. ನರ್ಸಮ್ಮ ಆಚೆ ಹೋದ ಮೇಲೆ ಬಗ್ಗಿ, “ಮಾಲೂರಿಕಿ, ಮಾ ಇಂಟಿಕಿ ವಸ್ತಾವಾ ಅಮ್ಮಾ?” ಎಂದೆ.

ಅಮ್ಮನ ಮುಖ ಬಿಳಿಚಿಕೊಂಡಿತು. ಅವಳ ಅತ್ತೆ ಸತ್ತು ಎಷ್ಟೋ ಕಾಲವಾಗಿದೆ. ಆದರೂ ಮೊದಲು ನೋಡಿದ್ದು ಬಾಗಿಲ ಕಡೆ, ಯಾರಾದರೂ ಕೇಳಿಸಿಕೊಂಡರೇನೋ ಎಂದು.

“ನಂಗೆ ತೆಲುಗು ಬರಲ್ಲ ಕಣೇ. ಕನ್ನಡದಲ್ಲಿ ಹೇಳು.”

ಬಳೆಗಾರ್ತಿಯ ಮಾತನ್ನು ಹೇಳುತ್ತಿದ್ದ ಹಾಗೆಯೇ ಹೇಳಿದೆ: “ಮಾಲೂರಿಗೆ, ನಮ್ಮನೆಗೆ ಬರ್ತೀಯಾ ಅಂದೆ.”

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಹೂಂ, ಕರ್ಕೊಂಡ್ ಹೋಗು,” ಎಂದಳು.