ನಮ್ಮನ್ನು ಕಾಯಿಸಿದವರಿಗೆ ಒಂದು ಶಾಲು

ದಾವಣಗೆರೆಯ ಯಾವ ಅಂಗಡಿಯಲ್ಲೂ ನನಗೆ ಕಾಯುವ ಕಷ್ಟವಿಲ್ಲ. ನಾನು ಮಂಗಳಮುಖಿ. ಕಿರಾಣಿ ಅಂಗಡಿಗೆ ಹೋದರೆ ಮೊದಲೇ ಬಂದು ನಿಂತ ನಾಲ್ಕು ಜನರನ್ನು ಬಿಟ್ಟು ನನ್ನ ಸಕ್ಕರೆ ಕಟ್ಟುತ್ತಾರೆ. ದೋಸೆ ಹೋಟೆಲಿನಲ್ಲಿ ನಾನು ಕೂರುವ ಮೊದಲೇ ಪಾರ್ಸಲ್ ತಂದುಕೊಡುತ್ತಾರೆ. ನಾನು ಪಾರ್ಸಲ್ ಕೇಳಿರುವುದಿಲ್ಲ. ಬ್ಯಾಂಕಿನಲ್ಲಿ ಕೂಡ, "ಇವರದೊಂದು ಮುಗಿಸಿ ಕಳಿಸ್ರಿ" ಎಂದು ಒಳಗಿನಿಂದ ಕೂಗು ಬರುತ್ತದೆ. ಮೊದಮೊದಲು ಇದನ್ನು ಮರ್ಯಾದೆ ಎಂದುಕೊಂಡಿದ್ದೆ. ಬೇಗ ಕೊಟ್ಟರೆ ಬೇಗ ತೊಲಗುತ್ತೇನೆ ಎಂಬ ಉಪಾಯ ಅದು ಎಂದು ತಿಳಿಯಲು ಎರಡು ವರ್ಷ ಹಿಡಿಯಿತು. ನನ್ನ ತಲೆ ಸ್ವಲ್ಪ ನಿಧಾನ.

ನನ್ನನ್ನು ಮೊದಲ ಸಲ ಕಾಯಿಸಿದವರು ಹರಿಹರದ ಒಬ್ಬ ಟೈಲರ್. ಆಗ ಸೀರೆ ಉಡಲು ಶುರುಮಾಡಿದ ಹೊಸತು. ಗುರುತಿನವರ ಕಣ್ಣಿಗೆ ಬೀಳಬಾರದೆಂದು ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ಒಂದು ಗಲ್ಲಿಯಲ್ಲಿ ಅವರ ಅಂಗಡಿ ಕಂಡು, ಬ್ಲೌಸ್ ಪೀಸು ಹಿಡಿದು ಬಾಗಿಲಲ್ಲೇ ನಿಂತೆ. ಒಳಗೆ ಬೆಂಚಿನ ಮೇಲೆ ಮೂವರು ಹೆಂಗಸರು. ಮಾಸ್ಟ್ರು ಮಿಷಿನ್ನಿನಿಂದ ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ತಲೆ ತಗ್ಗಿಸಿದರು.

"ಪಾಳಿ ಐತೆ, ಕೂತ್ಕಳವ್ವ. ಅಕ್ಕಾರೆ, ಸ್ವಲ್ಪ ಸರೀರಿ, ಜಾಗ ಕೊಡ್ರಿ."

ಹೆಂಗಸರು ಸರಿದರು. ಮುಕ್ಕಾಲು ಗಂಟೆ ಕೂತೆ. ಪಕ್ಕದಾಕೆ ನನ್ನ ಬಟ್ಟೆ ಮುಟ್ಟಿ ನೋಡಿ, ಇದು ಬಣ್ಣ ಬಿಡುತ್ತದೆ ಎಂದಳು. ಮುಂದೆ ಅದು ಬಿಟ್ಟಿತು ಕೂಡ.

ಗುರುವಾರ ಬಾ ಎಂದಿದ್ದರು. ಗುರುವಾರ ಹೋದರೆ, "ಹುಕ್ಸ್ ಅಷ್ಟೇ ಬಾಕಿ" ಎಂದರು. ನನ್ನ ಬಟ್ಟೆ ಕತ್ತರಿ ಕಾಣದೆ ಅವರ ಹಿಂದಿನ ಕಪಾಟಿನಲ್ಲಿ ಮಡಚಿದಂತೆಯೇ ಇತ್ತು. ಅದೇ ಸುಳ್ಳನ್ನು ಅವರು ಪಕ್ಕದಲ್ಲಿದ್ದ ಒಬ್ಬ ಹೈಸ್ಕೂಲ್ ಟೀಚರಿಗೂ ಹೇಳಿದರು. ಟೀಚರೂ ನಾನೂ ಸೇರಿಕೊಂಡು ಅವರನ್ನು ಚೆನ್ನಾಗಿ ಬೈದೆವು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಒಬ್ಬಳೇ ನಗುತ್ತಿದ್ದೆ. ಎಲ್ಲರಿಗೂ ಹೇಳುವ ಸುಳ್ಳನ್ನು ನನಗೂ ಹೇಳಿದ್ದರಲ್ಲ, ಅಷ್ಟು ಖುಷಿಯಾಗಿತ್ತು.

ಬರಬರುತ್ತಾ ನಮ್ಮವರೆಲ್ಲ ಅಲ್ಲಿಗೇ ಹೋಗತೊಡಗಿದರು. ಯಾರಿಗೂ ಹೇಳಿದ ದಿನ ಬ್ಲೌಸ್ ಸಿಕ್ಕಿದ್ದಿಲ್ಲ.

ಈ ವರ್ಷ ನಮ್ಮ ಸಂಘದವರು, ನಮಗೆ ನೆರವಾದ ಐವರಿಗೆ ಸನ್ಮಾನ ಮಾಡೋಣ ಎಂದು ತೀರ್ಮಾನಿಸಿದರು. ಒಬ್ಬ ನರ್ಸು, ಒಬ್ಬ ವಕೀಲರು, ನಮ್ಮವರಿಗೆ ಮನೆ ಬಾಡಿಗೆಗೆ ಕೊಟ್ಟ ದಂಪತಿ. ಐದನೆಯವರಾಗಿ ನಾನು ಮಾಸ್ಟ್ರನ್ನು ಸೂಚಿಸಿದೆ.

"ಏನು ಸೇವೆ ಮಾಡ್ಯಾರ ಅಂತ ಬರೆಯೋದು?" ಎಂದು ಅಧ್ಯಕ್ಷೆ ಕೇಳಿದರು.

"ಕಾಯಿಸ್ಯಾರ ಅಂತ ಬರೀರಿ," ಎಂದೆ.

ಯಾರೂ ನಗಲಿಲ್ಲ. ಅಲ್ಲಿದ್ದ ಅರ್ಧ ಜನರ ಬ್ಲೌಸು ಆಗಲೂ ಅವರ ಬಳಿಯೇ ಇತ್ತು. ಚರ್ಚೆಯಿಲ್ಲದೆ ಒಪ್ಪಿದರು.

ಕರೆಯಲು ನಾನೇ ಹೋದೆ. "ಸ್ಟೇಜು ಗೀಜು ಬ್ಯಾಡವ್ವ. ನನಗ್ಯಾಕ ಶಾಲು?" ಎಂದರು ಮಾಸ್ಟ್ರು. ಒಳಗಿದ್ದ ಅವರ ಸೊಸೆ ಬಾಗಿಲಿಗೆ ಬಂದು, "ಪೇಪರ್‌ನಾಗ ಫೋಟೋ ಬರ್ತೈತೇನು?" ಎಂದು ಕೇಳಿದಳು. ಬರಬಹುದು ಎಂದೆ. ಸೊಸೆ ಮಾವನ ಮುಖ ನೋಡಿದಳು. ಮಾವ ಮಿಷಿನ್ ನೋಡಿದರು.

"ನೋಡಾನ," ಎಂದರು.

ಆ ಮಾತು ನನ್ನನ್ನು ಕೊರೆಯಿತು. ತಮ್ಮ ಅಂಗಡಿಯ ಬೆಂಚಿನ ಮೇಲೆ ನಮ್ಮನ್ನು ಕೂರಿಸಿಕೊಳ್ಳುವುದು ಬೇರೆ, ಊರು ನೋಡುವಾಗ ನಮ್ಮ ಜೊತೆ ಬಂದು ಕೂರುವುದು ಬೇರೆ. ಇವರೂ ನಮ್ಮ ಬಗ್ಗೆ ನಾಚಿಕೊಂಡರೆ, ಇಷ್ಟು ವರ್ಷ ಆ ಬೆಂಚಿನ ಮೇಲೆ ಕೂತ ನಾನು ಸುಮ್ಮನೆ ಮೋಸಹೋದಂತೆ. ಬಾಯಿಬಿಟ್ಟು ಕೇಳಲು ಹೆದರಿಕೆಯಾಯಿತು. ಬದಲಿಗೆ, ಕಾರ್ಯಕ್ರಮಕ್ಕೆ ತೊಡಬೇಕಾದ ನನ್ನ ಬ್ಲೌಸ್ ಎಲ್ಲಿ ಎಂದು ಜಗಳ ತೆಗೆದೆ.

"ಹುಕ್ಸ್ ಅಷ್ಟೇ ಬಾಕಿ."

ಕಾರ್ಯಕ್ರಮ ದಾವಣಗೆರೆಯ ಒಂದು ಸಣ್ಣ ಸಭಾಭವನದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ನಿರೂಪಣೆ ನನ್ನದು. ಹೊಸ ಸೀರೆಗೆ ಹೊಂದದ ಹಳೆಯ ಬ್ಲೌಸ್ ತೊಟ್ಟು ಮೈಕಿನ ಮುಂದೆ ನಿಂತಿದ್ದೆ. ಮುಖ್ಯ ಅತಿಥಿಯಾಗಿ ಬಂದ ಅಧಿಕಾರಿಗಳು ಕೂರುವ ಮೊದಲೇ, "ಬೇಗ ಮುಗಿಸಿಬಿಡಿ, ಇನ್ನೊಂದು ಮೀಟಿಂಗ್ ಇದೆ" ಎಂದರು. ಸನ್ಮಾನಿತರಿಗೆಂದು ಮುಂದೆ ಹಾಕಿದ್ದ ಐದು ಕುರ್ಚಿಗಳಲ್ಲಿ ಒಂದು ಖಾಲಿ. ಅದನ್ನು ನೋಡಬಾರದೆಂದುಕೊಂಡೆ. ಅದನ್ನೇ ನೋಡುತ್ತಿದ್ದೆ.

ನರ್ಸಮ್ಮನಿಗೆ ಹಾರ ಹಾಕುವಾಗ ಮಾಸ್ಟ್ರು ಬಂದರು. ಗರಿಗರಿ ಬಿಳಿ ಅಂಗಿ, ಕೈಯಲ್ಲೊಂದು ಬಟ್ಟೆಚೀಲ. ಹಿಂದೆ ಬಂದ ಸೊಸೆ ನನ್ನ ಬಳಿ ಬಂದು ಪಿಸುಗುಟ್ಟಿದಳು: "ಪೇಪರ್‌ನಾಗ ಬರ್ತೈತಿ ಅಂದ್ರಲ್ಲ, ಅದಕ್ಕ ಹೊಸ ಅಂಗಿ ಹೊಲ್ಕಂಡ್ರು. ಆ ಅಂಗಿ ಈಗ ಮುಗೀತು ನೋಡ್ರಿ."

ಮಾಸ್ಟ್ರು ಮುಂದಿನ ಕುರ್ಚಿಗೆ ಹೋಗಲಿಲ್ಲ. ನಮ್ಮವರೆಲ್ಲ ಕೂತಿದ್ದ ಮೂರನೇ ಸಾಲಿಗೆ ಹೋಗಿ, "ಸರೀರವ್ವ, ಜಾಗ ಕೊಡ್ರಿ" ಎಂದು ಇಬ್ಬರ ನಡುವೆ ಕೂತರು. ಅಧ್ಯಕ್ಷೆ ಓಡಿಬಂದು, ಹಿರಿಯರು, ನಿಮ್ಮದನ್ನು ಈಗಲೇ ಮುಗಿಸಿಬಿಡುತ್ತೇವೆ ಎಂದರು.

"ಬ್ಯಾಡ. ನನ್ ಪಾಳಿ ಬರ್ಲಿ," ಎಂದರು. ಆಮೇಲೆ ಚೀಲದಿಂದ ನನ್ನ ಬ್ಲೌಸ್, ಸೂಜಿ, ದಾರ ತೆಗೆದು, ಫೋಟೋದವರ ಮುಂದೆಯೇ ಹುಕ್ ಹಾಕತೊಡಗಿದರು.

ಕೊನೆಗೆ ಅವರ ಹೆಸರು ಕರೆದೆ. ಅಧಿಕಾರಿಗಳು ಶಾಲು ಬಿಡಿಸಿ ಹಿಡಿದು ನಿಂತರು.

"ಒಂದ್ ಹುಕ್ ಬಾಕಿ ಐತೆ," ಎಂದರು ಮಾಸ್ಟ್ರು. ಅಧಿಕಾರಿಗಳು ವಾಚು ನೋಡಿಕೊಂಡರು. ಮಾಸ್ಟ್ರು ಹುಕ್ ಹಾಕಿ, ದಾರವನ್ನು ಹಲ್ಲಿನಲ್ಲಿ ಕಡಿದು, ಬ್ಲೌಸನ್ನು ನನ್ನತ್ತ ಚಾಚಿದರು. "ಹಾಕ್ಕಂಡು ಬಾರವ್ವ. ಆಮ್ಯಾಲೆ ಹತ್ತುತೀನಿ."

ವೇದಿಕೆಯ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಕಣ್ಣು ತುಂಬಿ ಹುಕ್ಕು ಕಾಣುತ್ತಿರಲಿಲ್ಲ. ಹೊರಗೆ ಅಧಿಕಾರಿಗಳು, ವಕೀಲರು, ಫೋಟೋದವರು, ನಮ್ಮವರು, ಎಲ್ಲರೂ ನನಗಾಗಿ ಕಾಯುತ್ತಿದ್ದರು. ನಾನು ಅವಸರ ಮಾಡಲಿಲ್ಲ.